ಬೆರಳಿನ ಉರಿ

ಮಾರ್ಚ್ ೪, ಮಂಗಳವಾರ

ಕುಡಿದು ಕಾರು ಓಡಿಸಿದ ಒಬ್ಬ ಮನುಷ್ಯ ನಮ್ಮ ಪಂಕ್ಚರಣ್ಣನನ್ನು ಕೊಂದ. ಈಗ ಅವನ ವಕೀಲ ಆ ಸಾವನ್ನು ಒಂದು ಹತ್ತಿಯ ಉಂಡೆಯ ಹಿಂದೆ ಬಚ್ಚಿಡಲು ಹೊರಟಿದ್ದಾನೆ.

ಎಲ್ಲಕ್ಕಿಂತ ಮೊದಲು ಇದನ್ನು ಬರೆದಿಡಬೇಕು ಅನ್ನಿಸಿತು. ಇವತ್ತು ಪೊಲೀಸ್ ಪೇದೆ ಆಸ್ಪತ್ರೆಗೆ ಬಂದು ನನಗೆ ಸಮನ್ಸ್ ಕೊಟ್ಟು, ಆ ವಕೀಲ ಹತ್ತಿಯ ಬಗ್ಗೆ ಕೇಳುತ್ತಾನಂತೆ ಅಂತ ಹೇಳಿ ಹೋದ. ಇಪ್ಪತ್ತನಾಲ್ಕನೇ ತಾರೀಖು, ಸೋಮವಾರ, ನಾನು ಸಾಕ್ಷಿ ಹೇಳಬೇಕು. ಎಮರ್ಜೆನ್ಸಿ ವಾರ್ಡಿನಲ್ಲಿ ಆಯಾ ಕೆಲಸ ಮಾಡುವವಳನ್ನು ನ್ಯಾಯಾಲಯ ಕರೆಯುತ್ತಿದೆ. ಬರಲಿ ಆ ದಿನ. ನನ್ನ ಹತ್ತಿರ ಹೇಳುವುದಕ್ಕೆ ಬೇಕಾದಷ್ಟಿದೆ.

ಕಳೆದ ನವೆಂಬರಿನ ಒಂದು ಸಂಜೆ ಆ ಸಿಮೆಂಟ್ ವ್ಯಾಪಾರಿಯ ಬಿಳಿ ಕಾರು ಆಸ್ಪತ್ರೆಯ ಗೇಟಿನ ಪಕ್ಕದ ಫುಟ್‌ಪಾತ್ ಹತ್ತಿತು. ಅಲ್ಲಿ ಪಂಕ್ಚರಣ್ಣ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಇಬ್ಬರನ್ನೂ ನಮ್ಮ ವಾರ್ಡಿಗೇ ತಂದರು. ಅಕ್ಕಪಕ್ಕದ ಮಂಚ. ವ್ಯಾಪಾರಿಗೆ ಹಣೆಯ ಮೇಲೆ ಒಂದು ಗೀರು. ಪಂಕ್ಚರಣ್ಣನಿಗೆ ಏನಾಗಿತ್ತು ಅಂತ ಬರೆಯುವುದಿಲ್ಲ. ಪೊಲೀಸರ ಮಾತಿನಂತೆ ದೊಡ್ಡ ಸಿಸ್ಟರ್ ವ್ಯಾಪಾರಿಯ ರಕ್ತ ತೆಗೆದರು. ತೋಳು ಹಿಡಿದುಕೊಂಡವಳು ನಾನು. ಸೀಲ್ ಮಾಡಿದ ಪೊಟ್ಟಣದ ಮೇಲೆ ಸಾಕ್ಷಿ ಅಂತ ಸಹಿ ಹಾಕಿದವಳೂ ನಾನೇ. ರಕ್ತದಲ್ಲಿ ಕಾನೂನು ಒಪ್ಪುವ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಆಲ್ಕೋಹಾಲ್ ಇತ್ತು. ಮರುದಿನವೇ ಪಂಕ್ಚರಣ್ಣ ತೀರಿಕೊಂಡ.

ರಕ್ತ ಸುಳ್ಳು ಹೇಳುವುದಿಲ್ಲ. ಕುಡಿದು ಗಾಡಿ ಓಡಿಸುವುದರ ವಿರುದ್ಧ ಹೋರಾಡುವ ನಮ್ಮ ಸಂಘದ ಮುಂದಿನ ಕರಪತ್ರಕ್ಕೆ ಇದೇ ತಲೆಬರಹ.

ಸಮನ್ಸ್ ತೋರಿಸಲು ಹೊಲಿಗೆ ಅಂಗಡಿಗೆ ಹೋದೆ. ಪಂಕ್ಚರಣ್ಣನ ಮಗಳು ಅಲ್ಲಿ ಕೆಲಸ ಮಾಡುತ್ತಾಳೆ. ಒಂದನೇ ಕ್ಲಾಸಿನಿಂದ ನನ್ನ ಗೆಳತಿ. ಅವಳಿಗೆ ನಾನು ಯಾವತ್ತೂ ‘ಭಾಷಣ’.

‘ಏನೇ ಭಾಷಣ, ಕೋರ್ಟಲ್ಲಿ ಮೈಕ್ ಕೊಡಲ್ಲ ಗೊತ್ತಾ?’ ಅಂದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

‘ಮೈಕ್ ಯಾಕೆ, ನಾನಿದ್ದೀನಲ್ಲ.’

‘ಅದೇ ಭಯ ನಂಗೆ.’ ಆಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ‘ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅಪ್ಪನ ವಿಷಯ ಕಣೇ.’

 

ಮಾರ್ಚ್ ೬, ಗುರುವಾರ

ಸರ್ಕಾರಿ ವಕೀಲರ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಅವರು ನನ್ನನ್ನು ಕೂರಿಸಿ ಬಿಸ್ಕತ್ತು ಕೊಟ್ಟರು. ಒಳ್ಳೆಯ ಮನುಷ್ಯ. ಷರ್ಟಿನ ಕಾಲರ್ ಸವೆದಿದೆ. ಇಂಥವರು ಬಡವರ ಪರ ಇರುತ್ತಾರೆ.

‘ನೋಡಮ್ಮ, ಆ ಕಡೆ ವಕೀಲರು ನಿನ್ನ ಒಂದೇ ಪ್ರಶ್ನೆ ಕೇಳ್ತಾರೆ. ಸೂಜಿ ಚುಚ್ಚೋಕೆ ಮುಂಚೆ ತೋಳನ್ನ ಯಾವುದ್ರಿಂದ ಒರೆಸಿದ್ರು? ಸ್ಪಿರಿಟ್ ಅಂದ್ಯೋ, ಕಥೆ ಮುಗೀತು.’

‘ಯಾಕೆ ಸಾರ್?’

‘ಸ್ಪಿರಿಟ್ಟೇ ಆಲ್ಕೋಹಾಲ್ ಅಲ್ವಾ. ಚರ್ಮದ ಮೇಲಿದ್ದದ್ದು ಸೂಜಿ ಜೊತೆ ಸೇರ್ಕೊಂಡಿದೆ, ಈ ಲೆಕ್ಕ ನಂಬೋ ಹಾಗಿಲ್ಲ ಅಂತ ಹಿಡ್ಕೋತಾರೆ. ಜಡ್ಜು ರಿಪೋರ್ಟನ್ನ ಪಕ್ಕಕ್ಕಿಟ್ರೆ ನನ್ ಹತ್ರ ಉಳಿಯೋದೇನು? ಬ್ರೇಕ್ ಒತ್ತೋದು ತಡ ಮಾಡಿದ ಒಬ್ಬ ಮರ್ಯಾದಸ್ಥ. ಬಾಯಿ ವಾಸನೆ ಇತ್ತು ಅಂತ ಡಾಕ್ಟ್ರು ಬರ್ದಿದಾರೆ. ವಾಸನೆಗೆ ಜೈಲಿಗೆ ಹಾಕೋಕಾಗತ್ತಾ?’

ನಾನು ನಕ್ಕೆ. ನಮ್ಮ ವಾರ್ಡಿನ ಪದ್ಧತಿ ಹೇಳಿದೆ. ಟ್ರಾಲಿಯ ಮೇಲೆ ಎರಡು ಗಾಜಿನ ಜಾರು. ಬಿಳಿ ಮುಚ್ಚಳದ್ದರಲ್ಲಿ ಸ್ಪಿರಿಟ್ಟಿನ ಹತ್ತಿ, ಎಲ್ಲರಿಗೂ. ನೀಲಿ ಮುಚ್ಚಳದ್ದರಲ್ಲಿ ಸೋಪಿನ ನೀರಿನ ಹತ್ತಿ, ಪೊಲೀಸರು ಕರೆತಂದವರಿಗೆ ಮಾತ್ರ.

‘ಪದ್ಧತಿ ಬಿಡು. ನೀನು ನೋಡಿದ್ದು ಯಾವುದು?’

‘ನೀಲಿ’ ಅಂದೆ.

‘ಅಷ್ಟೇ. ಅಲ್ಲಿಗೆ ಬಂದು ಇದೇ ಥರ ಹೇಳು. ತಡವರಿಸಬೇಡ.’

ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡೆ. ಕಬ್ಬಿಣ ತಣ್ಣಗಿತ್ತು. ಆ ತಣ್ಣನೆಯದು ಬೆರಳಿಗೆ ತಾಗಿ ಯಾವುದೋ ಒಂದು ನೆನಪಾಗಲು ಬಂತು. ನಾನು ಬೇಗ ಬೇಗ ಇಳಿದುಬಿಟ್ಟೆ.

ಮಾರ್ಚ್ ೭, ಶುಕ್ರವಾರ

ಬೆರಳು ಉರಿದಿತ್ತು.

ಮಾರ್ಚ್ ೯, ಭಾನುವಾರ

ನಿನ್ನೆ ಏನೂ ಬರೆಯದೆ ಇದ್ದು ನೋಡಿದೆ. ಹೋಗುವುದಿಲ್ಲ.

ಆ ಸಂಜೆ ಡ್ಯೂಟಿಗೆ ಮುಂಚೆ ಪಂಕ್ಚರಣ್ಣನ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ಕೂತು ಕರಪತ್ರ ಮಡಚುತ್ತಿದ್ದೆ. ‘ಕುಡಿದವನ ಕೈಗೆ ಚಕ್ರ ಕೊಟ್ಟವರು ಯಾರು?’ ನಾನೇ ಬರೆದದ್ದು. ಹೊಸ ಕಾಗದ, ಅಂಚು ಬ್ಲೇಡಿನ ಹಾಗಿತ್ತು. ಬಲಗೈಯ ತೋರುಬೆರಳನ್ನು ಕೊಯ್ದಿತು. ಪಂಕ್ಚರಣ್ಣ ಅದನ್ನು ನೋಡಿ ಏನೋ ತಮಾಷೆ ಮಾಡಿದ. ಅದನ್ನು ಇಲ್ಲಿ ಬರೆಯಲು ನನ್ನಿಂದ ಆಗದು. ನಾನು ಒಳಗೆ ಹೋಗಿ ಇನ್ನೂ ಬಟ್ಟೆ ಬದಲಾಯಿಸಿ ಮುಗಿಸಿರಲಿಲ್ಲ, ಹೊರಗೆ ಆ ಸದ್ದು.

ಗ್ಲೌಸಿನ ಡಬ್ಬಿ ಖಾಲಿಯಾಗಿತ್ತು. ಬರಿಗೈಯಲ್ಲೇ ವ್ಯಾಪಾರಿಯ ತೋಳು ಹಿಡಿದೆ. ದೊಡ್ಡ ಸಿಸ್ಟರ್ ಹತ್ತಿ ಒತ್ತಿ ಒರೆಸಿದಾಗ ಒಂದು ಹನಿ ಇಳಿದು ನನ್ನ ಬೆರಳಿನ ಗಾಯಕ್ಕೆ ಹೋಯಿತು. ಕೆಂಡ ಇಟ್ಟ ಹಾಗೆ ಉರಿಯಿತು. ಹಿಂದೆಯೇ ತಣ್ಣಗಾಯಿತು.

ಸೋಪಿನ ನೀರು ಚುರುಗುಟ್ಟಬಹುದು. ಹಾಗೆ ಉರಿಯುವುದಿಲ್ಲ, ಆಮೇಲೆ ಹಾಗೆ ತಣ್ಣಗೂ ಆಗುವುದಿಲ್ಲ. ಇವತ್ತು ಸೂಜಿಯಲ್ಲಿ ಅದೇ ಬೆರಳು ಚುಚ್ಚಿಕೊಂಡು ಸೋಪಿನ ನೀರು, ಸ್ಪಿರಿಟ್ಟು ಎರಡನ್ನೂ ಹಾಕಿ ನೋಡಿದೆ. ಅಮ್ಮ ಹೊರಗಿನಿಂದ ‘ಏನೇ ಅದು, ಬಚ್ಚಲಲ್ಲಿ ಅಷ್ಟೊತ್ತು?’ ಅಂದಳು.

ಮುಚ್ಚಳ ನಾನು ನೋಡಿರಲಿಲ್ಲ. ನೀಲಿ ಅಂದದ್ದು ನೀಲಿಯೇ ಇರಬೇಕಿತ್ತು ಅಂತ.

ಇದು ನನಗೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊಲೆಗಾರ ಒಳಗೆ ಹೋಗುತ್ತಾನೆ. ಅದರಲ್ಲಿ ತಪ್ಪೇನು? ಅವನು ಕುಡಿದಿದ್ದ. ಇಡೀ ವಾರ್ಡೇ ನಾರುತ್ತಿತ್ತು. ಒಂದು ಹನಿ ಸ್ಪಿರಿಟ್ಟಿನಿಂದ ಎರಡು ಪಟ್ಟು ಏರುತ್ತದೆಯೇ? ಕಾನೂನಿನ ಇಂಥ ಸಂದುಗಳೆಲ್ಲ ದುಡ್ಡಿದ್ದವರು ನುಸುಳುವುದಕ್ಕೆಂದೇ ಮಾಡಿಟ್ಟ ಸಂದುಗಳು ಅಂತ ನಾನು ಎಷ್ಟು ಸಲ ಬರೆದಿಲ್ಲ? ಸಂದು ಮುಚ್ಚುವುದು ಪಾಪವೇನಲ್ಲ.

ಹೀಗೆ ಬರೆದ ಮೇಲೂ ಮತ್ತೆ ಬೆರಳನ್ನು ದೀಪಕ್ಕೆ ಹಿಡಿದು ನೋಡಿದೆ.

ಮಾರ್ಚ್ ೧೧, ಮಂಗಳವಾರ

ಬಸ್ ಸ್ಟಾಪಿನಲ್ಲಿ ಒಬ್ಬರು ಪಕ್ಕಕ್ಕೆ ಬಂದು ನಿಂತರು. ಇಸ್ತ್ರಿ ಮಾಡಿದ ಷರ್ಟು, ಸಮಾಧಾನದ ಮುಖ. ವ್ಯಾಪಾರಿಯ ಅಣ್ಣನಂತೆ.

‘ಹೆದ್ರಬೇಡಿ ತಂಗಿ. ನಾನೇನು ಸಿನಿಮಾದ ವಿಲನ್ ಅಲ್ಲ. ಎರಡು ಮಾತು, ಅಷ್ಟೇ.’

ನಾನು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದೆ.

‘ಗಡಿಬಿಡೀಲಿ ಸ್ಪಿರಿಟ್ ಹತ್ತೀಲಿ ಒರೆಸಿದ್ರು ಅಂತ ಒಂದು ಮಾತು ಹೇಳಿಬಿಡಿ. ಯಾರ್ಗೂ ನಷ್ಟ ಇಲ್ಲ. ನಿಮ್ದು ಕಾಂಟ್ರಾಕ್ಟ್ ಕೆಲಸ ಅಂತ ಕೇಳ್ಪಟ್ಟೆ. ಆಸ್ಪತ್ರೆ ಕಮಿಟೀಲಿ ನಮ್ಮೋರಿದಾರೆ, ಖಾಯಂ ಮಾಡಿಸ್ಕೊಡ್ತೀವಿ.’

‘ಸುಳ್ಳು ಹೇಳು ಅಂತೀರಾ?’

‘ಸುಳ್ಳೋ ನಿಜವೋ, ಅವತ್ತಿನ ಗಲಾಟೇಲಿ ಯಾರು ನೋಡಿದ್ರು?’

ನನಗೆ ನಗು ಬರುವ ಹಾಗಾಯಿತು. ಈ ಮನುಷ್ಯ ಕತ್ತಲಲ್ಲಿ ಕಲ್ಲು ಬೀಸಿದ್ದಾನೆ, ಅದು ನೆಟ್ಟಗೆ ಬಂದು ತಾಗಬೇಕಾದಲ್ಲೇ ತಾಗಿದೆ. ಅವನು ಲಂಚ ಕೊಟ್ಟು ಹೇಳಿಸಲು ಬಂದದ್ದು ನಿಜವನ್ನೇ. ಸವೆದ ಕಾಲರಿನ ಒಳ್ಳೆಯ ವಕೀಲರು ನನ್ನ ಬಾಯಿಂದ ಹೇಳಿಸಿದ್ದು ಸುಳ್ಳನ್ನು.

‘ನಿಮ್ಮ ಖಾಯಂ ನೀವೇ ಇಟ್ಕೊಳ್ಳಿ’ ಅಂದೆ. ಜೋರಾಗಿಯೇ ಅಂದೆ, ಪಕ್ಕದವರು ತಿರುಗಿ ನೋಡುವಷ್ಟು.

ಅವರು ಮುಖ ಕೆಡಿಸಿಕೊಳ್ಳಲಿಲ್ಲ. ‘ಮನೇಲಿ ನೀವು, ಅಮ್ಮ, ಇಬ್ರೇ ಅಲ್ವಾ? ಅಮ್ಮ ಸಂಜೆ ಹಾಲಿಗೆ ಒಬ್ರೇ ಹೋಗ್ತಾರೆ. ರಸ್ತೆ ದಾಟುವಾಗ ನೋಡ್ಕೊಂಡು ಹೋಗೋಕೆ ಹೇಳಿ ತಂಗಿ. ಕಾಲ ಸರಿ ಇಲ್ಲ.’

ಮಾರ್ಚ್ ೧೨, ಬುಧವಾರ

ಹಾಲು ನಾನೇ ತಂದೆ. ‘ಇದೇನಿದು, ಸೂರ್ಯ ಯಾವ ಕಡೆ ಹುಟ್ಟಿದ?’ ಅಂದಳು ಅಮ್ಮ. ಬಿಳಿ ಕಾರುಗಳು ಇಷ್ಟೊಂದಿವೆ ಅಂತ ಮೊದಲು ಗೊತ್ತಿರಲಿಲ್ಲ. ಪ್ರತಿ ಕಾರೂ ನಮ್ಮ ಬೀದಿಗೆ ತಿರುಗುವಾಗಲೇ ನಿಧಾನ ಮಾಡುತ್ತದೆ.

ಮಾರ್ಚ್ ೧೪, ಶುಕ್ರವಾರ

ದೊಡ್ಡ ಸಿಸ್ಟರ್ ಊಟದ ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ನನಗೂ ಹಾಕಿದರು, ಯಾವಾಗಿನಂತೆ. ಈ ಮೇ ತಿಂಗಳಲ್ಲಿ ಅವರಿಗೆ ರಿಟೈರ್‌ಮೆಂಟ್. ನನಗೆ ಗ್ಲೂಕೋಸ್ ಬಾಟಲಿ ಹಿಡಿಯುವುದರಿಂದ ಹಿಡಿದು ಡಾಕ್ಟರ ಎದುರು ಬಾಯಿ ಮುಚ್ಚಿಕೊಳ್ಳುವುದರ ತನಕ ಕಲಿಸಿದವರು. ಎರಡನೆಯದು ನಾನು ಕಲಿಯಲಿಲ್ಲ.

‘ಸಿಸ್ಟರ್, ಅವತ್ತು ಹತ್ತಿ ಯಾವ ಜಾರಿಂದು?’

‘ನೀಲಿ.’ ತಕ್ಷಣ ಬಂತು ಉತ್ತರ, ನನ್ನದೇ ಥರ.

‘ನನ್ನ ಬೆರಳು ಉರಿತು ಸಿಸ್ಟರ್.’ ಗಾಯದ ವಿಷಯ ಹೇಳಿದೆ.

ಅವರು ಊಟ ಮಾಡುವುದನ್ನು ನಿಲ್ಲಿಸಲಿಲ್ಲ. ಅಗಿಯುತ್ತಲೇ ಇದ್ದರು, ನುಂಗಲಿಲ್ಲ. ನೀರು ಕುಡಿದು ಹೇಳಿದರು. ‘ನಾನು ಈ ಕಡೆ ನೋಡ್ತಾನೇ ಇರ್ಲಿಲ್ಲ ಮರೀ. ಆ ಕಡೆ ಮಂಚದಲ್ಲಿ ಪಂಕ್ಚರಣ್ಣನ ಉಸಿರು ನೋಡ್ತಿದ್ದೆ. ಕೈ ತಾನೇ ಹೋಗಿ ಹತ್ತಿ ತಗೊಂಡು ಬಂತು. ಮೂವತ್ತು ವರ್ಷ ಬಿಳಿ ಮುಚ್ಚಳಕ್ಕೇ ಹೋಗಿರೋ ಕೈ.’

‘ಹಾಗಾದ್ರೆ ಸ್ಪಿರಿಟ್ಟೇ?’

‘ಗೊತ್ತಿಲ್ಲ. ಗೊತ್ತಿಲ್ಲ ಅಂತ ಕೋರ್ಟಲ್ಲಿ ಹೇಳೋ ಧೈರ್ಯ ನಂಗಿಲ್ಲ. ಪೆನ್ಷನ್ ಹತ್ರ ಬಂದಿದೆ, ಎನ್‌ಕ್ವೈರಿ ಅಂತ ಕೂರಿಸ್ತಾರೆ.’ ಡಬ್ಬಿ ಮುಚ್ಚಿದರು. ‘ಅಷ್ಟಕ್ಕೂ ಅವ್ನು ಕುಡಿದಿದ್ನಲ್ಲ. ಸ್ಪಿರಿಟ್ ಹನಿಗೆ ಅಷ್ಟೆಲ್ಲ ಏರಲ್ಲ ಮರೀ. ಏರಿದ್ರೂ ಸ್ವಲ್ಪ.’

ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದೆ. ಅವರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಎರಡನೇ ಸಲ ತೆಗೆದ ರಕ್ತ ಇಲ್ಲ, ಹೋಲಿಸಿ ನೋಡಲು.

ಸಿಸ್ಟರ್ ಅಂಥವರು ಹೆದರುವುದನ್ನು ನೋಡಿ ನನ್ನ ಹೆದರಿಕೆ ಕಡಿಮೆಯಾಗಬೇಕಿತ್ತು. ದುಪ್ಪಟ್ಟಾಯಿತು.

ಮಾರ್ಚ್ ೧೬, ಭಾನುವಾರ

ಅಮ್ಮನಿಗೆ ವಾಸನೆ ಹತ್ತಿದೆ. ಬಾಗಿಲ ಚಿಲಕ ನೋಡಲು ನಾನು ಮೂರನೇ ಸಲ ಎದ್ದಾಗ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಡ್ತಿದೀಯ. ಏನು ಕದ್ದಿದೀಯ?’ ಅಂದಳು.

ಎಲ್ಲ ಹೇಳಿದೆ, ಹಾಲಿನ ವಿಷಯವೊಂದು ಬಿಟ್ಟು.

ಅಮ್ಮ ಬಟ್ಟೆ ಮಡಚುತ್ತಾ ಕೂತಳು. ಆಮೇಲೆ, ‘ನಿಮ್ಮಪ್ಪ ಲಾರಿ ಯಾಕೆ ಬಿಟ್ಟಿದ್ದು ಗೊತ್ತಾ?’ ಅಂದಳು.

‘ಕಣ್ಣು ಸರಿ ಕಾಣ್ತಿರ್ಲಿಲ್ಲ ಅಂತ.’

‘ಕಣ್ಣಿಗೇನಾಗಿತ್ತು, ಪಕ್ಕದ ಬೀದಿ ಗೋಡೆ ಮೇಲಿನ ಗಡಿಯಾರ ಓದ್ತಿದ್ರು. ಕುಡಿದಿದೀಯ ಅಂತ ಹಿಡಿದ್ರು. ಅವರು ಜನ್ಮದಲ್ಲಿ ಮುಟ್ಟಿದೋರಲ್ಲ. ಕೆಮ್ಮಿತ್ತು, ದಾರೀಲೆಲ್ಲ ಕೆಮ್ಮಿನ ಔಷಧಿ ಕುಡೀತಾ ಬಂದಿದ್ರು. ಊದು ಅಂದ್ರು, ಊದಿದ್ರು. ಮೆಷಿನ್ ಹೌದು ಅಂತು. ಅಲ್ಲಿಗೆ ಲೈಸೆನ್ಸೂ ಹೋಯ್ತು, ಮನುಷ್ಯನ ಮಾತೂ ಹೋಯ್ತು. ನೀನು ಏನು ಕುಡಿದಿದ್ದೆಯಪ್ಪಾ ಅಂತ ಒಬ್ರು ಕೇಳಿದ್ರೆ ಸಾಕಿತ್ತು.’

‘ನಂಗ್ಯಾಕೆ ಯಾವತ್ತೂ ಹೇಳಿಲ್ಲ?’

‘ಹೇಳಿದ್ರೆ ನೀನು ಕರಪತ್ರ ಹೊಡಿಸ್ತಿದ್ದೆ.’

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅಮ್ಮ, ‘ಏನ್ ಮಾಡ್ತೀಯೋ ನಿಂಗೆ ಬಿಟ್ಟಿದ್ದು. ನನ್ ಕೇಳಿದ್ರೆ ತೆಪ್ಪಗಿರು ಅಂತೀನಿ, ನಾನು ತಾಯಿ’ ಅಂದಳು.

ತೋಳು ಅಪ್ಪನದಾದರೂ ಆ ವ್ಯಾಪಾರಿಯದಾದರೂ ಒರೆಸುವ ಹತ್ತಿ ಒಂದೇ ಇರಬೇಕು. ಇದಕ್ಕಿಂತ ಹೆಚ್ಚು ಯೋಚಿಸಲು ಇವತ್ತು ಆಗುತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ಆ ವ್ಯಾಪಾರಿ ಆಸ್ಪತ್ರೆಗೆ ಬಂದಿದ್ದ, ತಲೆನೋವಿಗೆ ತೋರಿಸಲು. ಹಣೆಯ ಮೇಲೆ ಗುರುತಿದೆ. ನಾನು ಯಾರು ಅಂತ ಗೊತ್ತಾಗಲಿಲ್ಲ. ‘ಕುಡಿಯೋ ನೀರು ಎಲ್ಲಿದೆಯಮ್ಮ?’ ಅಂದ. ತೋರಿಸಿದೆ. ಲೋಟದ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡ. ಒರೆಸಿಕೊಳ್ಳಲೂ ಇಲ್ಲ. ಗೇಟಿನಿಂದ ಹೋಗುವಾಗ ಪಂಕ್ಚರಣ್ಣನ ಅಂಗಡಿಯಿದ್ದ ಜಾಗ ಬಂದ ಕೂಡಲೇ ರಸ್ತೆ ದಾಟಿ ಆಚೆ ಬದಿಯಿಂದ ನಡೆದ. ಅವತ್ತು ಅವನು ಕುಡಿದಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ.

ಸಂಘದವರು ಕರಪತ್ರ ಎಲ್ಲಿ ಅಂತ ಕೇಳಿಕಳಿಸಿದರು. ಬರೆದಿಲ್ಲ ಅಂದೆ. ಹಳೆಯವು ಒಂದು ಕಟ್ಟು ಉಳಿದಿತ್ತು. ಅಮ್ಮ ಅಡುಗೆಮನೆಯ ಶೆಲ್ಫಿಗೆ ಹಾಸಿಕೊಂಡಳು.

ಮಾರ್ಚ್ ೨೦, ಗುರುವಾರ

ಸರ್ಕಾರಿ ವಕೀಲರಿಗೆ ಹೇಳಿದೆ. ಮೆಟ್ಟಿಲು ಹತ್ತುವಾಗ ಎರಡು ಸಲ ವಾಪಸು ಇಳಿದೆ. ಕೊನೆಗೆ ಹೇಳಿದ್ದು ನಾಲ್ಕೇ ಮಾತು. ಗಾಯ ಇತ್ತು, ಹನಿ ಬಿತ್ತು, ಉರಿಯಿತು, ತಣ್ಣಗಾಯಿತು.

ಅವರು ಪೆನ್ನಿನ ಮುಚ್ಚಳ ಹಾಕಿದರು. ‘ಎಷ್ಟಮ್ಮ ಕೊಟ್ರು?’

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದರೂ ಕಪಾಳಕ್ಕೆ ಬಿದ್ದ ಹಾಗಾಯಿತು. ಬಸ್ ಸ್ಟಾಪಿಗೆ ಬಂದವರ ವಿಷಯ, ಖಾಯಂ ವಿಷಯ, ಹಾಲಿನ ವಿಷಯ, ಒಂದೂ ಬಿಡದೆ ಹೇಳಿದೆ.

‘ಅವ್ರು ಕೇಳಿದ್ದನ್ನೇ ಹೇಳ್ತೀನಿ ಅಂತೀಯ. ಆದ್ರೆ ಅವ್ರಿಗೋಸ್ಕರ ಅಲ್ಲ ಅಂತೀಯ. ನಾನು ನಂಬಬೇಕು.’

‘ಬೇಡ ಸಾರ್. ಕೇಳಿದಾಗ ನಾನು ಹೇಳ್ತೀನಿ, ಅಷ್ಟೇ. ರಿಪೋರ್ಟ್ ಇಟ್ಕೊಳ್ಳೋದೋ ಬಿಡೋದೋ ಜಡ್ಜಿಗೆ ಬಿಟ್ಟಿದ್ದು.’

ಅವರು ಹಾಲಿನ ವಿಷಯ ಪೊಲೀಸರಿಗೆ ತಿಳಿಸುತ್ತೇನೆ, ನಿನ್ನನ್ನು ಸಾಕ್ಷಿಗೆ ಕೂಗಿಸಬೇಕೋ ಬೇಡವೋ ನೋಡುತ್ತೇನೆ ಅಂದರು. ಕೂಗದಿದ್ದರೆ? ಒಂದು ಕ್ಷಣ ಮೈ ಹಗುರಾಯಿತು. ‘ನೀವು ಕೂಗದಿದ್ರೆ ಆ ಕಡೆಯವ್ರು ಕೂಗ್ತಾರೆ ಸಾರ್’ ಅಂತ ನಾನೇ ಅಂದೆ. ಅವರ ಕಡೆಯ ಸಾಕ್ಷಿಯಾಗಿ ನಾನು ಹೋಗಲಾರೆ. ಹೋದರೆ ಇವರ ಕಡೆಯಿಂದಲೇ.

ದೊಡ್ಡ ಸಿಸ್ಟರಿಗೂ ಹೇಳಿದೆ, ಬೆನ್ನ ಹಿಂದೆ ಮಾಡಿದಂತಾಗಬಾರದು ಅಂತ. ಅವರು ಮಧ್ಯಾಹ್ನ ಡಬ್ಬಿ ಬಿಚ್ಚಿದರು. ಮುಚ್ಚಳದಲ್ಲಿ ನನಗೆ ಹಾಕಲಿಲ್ಲ.

ಮಾರ್ಚ್ ೨೨, ಶನಿವಾರ

ಬಾಕಿ ಉಳಿದದ್ದು ಒಬ್ಬಳು. ಬಿಳಿ ಕಾರು, ಸಾಕ್ಷಿಕಟ್ಟೆ, ವಕೀಲರು, ಎಲ್ಲ ಒಂದು ತೂಕ. ಅವಳ ಮುಖ ಇನ್ನೊಂದು ತೂಕ.

ಹೊಲಿಗೆ ಅಂಗಡಿ ಮುಚ್ಚುವ ಮೊದಲು ಹೋದೆ. ಅವಳು ಯಾರದೋ ಕೋಟಿನ ಗುಂಡಿಗೆ ಕಾಜಾ ಹಾಕುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮಧ್ಯದಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮುಂದೆ ಹೋಗಲಾರೆ ಅನ್ನಿಸಿತ್ತು.

ಅವಳು ದಾರ ಕಚ್ಚಿ ತುಂಡು ಮಾಡಿದಳು. ‘ಅಂದ್ರೆ ಅವ್ನು ಬಿಟ್ಟೋಗ್ತಾನೆ.’

‘ಗೊತ್ತಿಲ್ಲ. ಹೋಗಬಹುದು.’

‘ನೀನು ಬಾಯಿ ಮುಚ್ಕೊಂಡಿದ್ರೆ ಹೋಗಲ್ಲ.’

‘ಹೌದು.’

‘ಜನ ಏನಂತಾರೆ ಗೊತ್ತೇನೇ? ಸಿಮೆಂಟ್ ತಿಂದ್ಲು ಅಂತಾರೆ. ನಾನೂ ಹಾಗೇ ಅಂತೀನೇನೋ.’

‘ಅನ್ನು.’

ಅವಳು ನನ್ನನ್ನು ದಿಟ್ಟಿಸಿದಳು. ‘ಏನಾಗಿದೆ ನಿಂಗೆ? ಒಂದು ಭಾಷಣ ಇಲ್ಲ, ಏನಿಲ್ಲ.’ ಆಮೇಲೆ, ‘ಯಾವ ಬೆರಳು?’ ಅಂದಳು.

ತೋರಿಸಿದೆ. ಹಿಡಿದು ಬೆಳಕಿಗೆ ತಿರುಗಿಸಿದಳು. ‘ಗುರುತೇ ಇಲ್ಲ.’

‘ಕಾಗದದ ಗಾಯ. ಉಳಿಯಲ್ಲ. ನಿಮ್ಮಪ್ಪ ನೋಡಿದ್ದ.’

‘ಅಪ್ಪ?’

ಇಷ್ಟು ದಿನ ಬಾಯಿಗೆ ಬಾರದೆ ಇದ್ದದ್ದು ಆಗ ಬಂತು. ‘ರಕ್ತ ನೋಡಿ, ಇಲ್ಲಿ ಕೊಡು, ಇದಕ್ಕೂ ಒಂದು ಪ್ಯಾಚ್ ಹಾಕ್ತೀನಿ, ಗಾಳಿ ಮಾತ್ರ ನೀನೇ ತುಂಬ್ಕೋ, ನಿನ್ ಹತ್ರ ಬೇಕಾದಷ್ಟಿದೆ ಅಂದ. ನಾನು ಸಿಟ್ಟು ಮಾಡ್ಕೊಂಡು ಎದ್ದು ಹೋದೆ. ನನ್ ಹತ್ರ ಮಾತಾಡಿದ್ದು ಅದೇ ಕೊನೆ.’

ಅವಳು ನನ್ನ ಬೆರಳನ್ನು ಹಿಡಿದೇ ಇದ್ದಳು. ಗೋಡೆಯ ಕಡೆ ತಿರುಗಿ, ‘ಗಾಳಿ ಮಾತ್ರ ನೀನೇ ತುಂಬ್ಕೋ’ ಅಂತ ಅಪ್ಪನ ಧ್ವನಿಯಲ್ಲೇ ಒಂದು ಸಲ ಅಂದು ನೋಡಿದಳು. ಆಮೇಲೆ ಬೆರಳು ಬಿಟ್ಟಳು.

‘ಹೊರಡು. ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ.’

ಬಾಗಿಲು ದಾಟಿ ಎರಡು ಅಂಗಡಿ ಮುಂದೆ ಹೋಗಿದ್ದೆ. ಹಿಂದಿನಿಂದ ಕೂಗಿದಳು. ಭಾಷಣ ಅಂತಲ್ಲ, ನನ್ನ ಹೆಸರು ಹಿಡಿದು. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಕೋಟು ಹಾಗೇ ಇತ್ತು.

‘ಹೇಳೋದಿದ್ರೆ ನನ್ನ ನೋಡ್ಕೊಂಡು ಹೇಳ್ಬೇಕು. ಜಡ್ಜನ್ನಲ್ಲ, ವಕೀಲ್ರನ್ನಲ್ಲ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೊದಲನೇ ಬೆಂಚಲ್ಲಿ ಕೂತಿರ್ತೀನಿ.’